ಮಾವ ಬರೆದ 412 ಕಾಗದಗಳು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2003ರ ಮಳೆಗಾಲದಲ್ಲಿ. ಆಗ ನಾನು ಸಾಗರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅಮೆರಿಕದ ಒಹಾಯೊದಲ್ಲಿದ್ದ ಸೋದರಮಾವ ಫೋನಿನಲ್ಲಿ, ‘ಇನ್ನು ಅಂಚೆಗೆ ದುಡ್ಡು ಹಾಕಬೇಡ ಕೂಸೇ, ಇಮೇಲ್ ಮಾಡು’ ಎಂದರು. ಕಂಪ್ಯೂಟರ್ ಕೊಂಡದ್ದೇ ಆ ಮಾತಿಗಾಗಿ. ಟೆಲಿಫೋನ್ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ, ಅದು ಕೀರಲು ದನಿಯಲ್ಲಿ ಕೂಗಿ ಮುಗಿಸುವವರೆಗೆ ಕಾದು, ಬಂದ ಕಾಗದಗಳನ್ನು ಇಳಿಸಿಕೊಂಡು ಕೂಡಲೇ ಸಂಪರ್ಕ ಕಡಿಯುತ್ತಿದ್ದೆವು. ನಿಮಿಷ ಏರಿದಂತೆ ಫೋನ್ ಬಿಲ್ಲೂ ಏರುತ್ತಿತ್ತು. ಓದುವುದು ಆಮೇಲೆ, ನಿಧಾನವಾಗಿ. ಉತ್ತರ ಬರೆದು ಔಟ್‌ಬಾಕ್ಸಿನಲ್ಲಿಟ್ಟರೆ ಮರುದಿನ ತಂತಿ ಜೋಡಿಸಿದಾಗ ಹೋಗುತ್ತಿತ್ತು.

ಅದಕ್ಕೆಲ್ಲ ಇದ್ದದ್ದು ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಬಂದಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್. ಆಗಿನ ಉಚಿತ ಅಂಚೆಪೆಟ್ಟಿಗೆಗಳಲ್ಲಿ ಎರಡೋ ನಾಲ್ಕೋ ಎಂಬಿ ಜಾಗ ಸಿಕ್ಕರೆ ದೊಡ್ಡದು. ಹಾಗಾಗಿ ಕಾಗದ ಸರ್ವರಿನಿಂದ ಇಳಿದು ನಮ್ಮ ಮನೆಯ ಡಿಸ್ಕಿಗೆ ಬಂದು ಕೂರುತ್ತಿತ್ತು, ಸರ್ವರಿನಲ್ಲಿ ಅಳಿಸಿಹೋಗುತ್ತಿತ್ತು. ಇದೇ ಪಾಪ್ ಪದ್ಧತಿ. ಮಾವನ ಪ್ರತಿ ಕಾಗದಕ್ಕೂ ನಮ್ಮ ಪಾಲಿಗೆ ಉಳಿಯುವುದು ಮನೆಯಲ್ಲಿರುವ ಈ ಒಂದೇ ಪ್ರತಿ ಎಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ಮಾವ ಬರೆಯುತ್ತಿದ್ದುದು ಕುಶಲೋಪರಿಯನ್ನಷ್ಟೇ ಅಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ನನ್ನ ಅಮ್ಮನ ತವರೂ ಒಂದು. ಮಾವನಿಗೆ ಆಗ ಇಪ್ಪತ್ತರ ಹರೆಯ. ಆ ಊರಿನ ಮನೆಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು, ತೋಟಕ್ಕೆ ನೀರು ಬರುವ ಅಬ್ಬಿ ಎಲ್ಲಿತ್ತು, ಯಾವ ಅಪ್ಪೆಮಿಡಿ ಮರದ ಮಿಡಿ ಎಷ್ಟು ವರ್ಷ ಉಪ್ಪಿನಲ್ಲಿ ಕೆಡದೆ ಇರುತ್ತಿತ್ತು, ಸಾಮಾನು ಹೇರಿಕೊಂಡು ಹೊರಟ ದಿನ ಅಜ್ಜ ಏನಂದರು, ಎಲ್ಲವನ್ನೂ ವಾರಕ್ಕೊಂದರಂತೆ ಬರೆದರು. ನಾನು ಒಂದು ಕೇಳಿದರೆ ಅವರು ಹತ್ತು ಹೇಳುತ್ತಿದ್ದರು. ಅವರು ಬರೆದದ್ದು ಬೇರೆಲ್ಲೂ ದಾಖಲಾಗಿಲ್ಲ.

2006ರಲ್ಲಿ ಕಂಪ್ಯೂಟರ್ ಕೆಟ್ಟು ರಿಪೇರಿಗೆ ಕೊಟ್ಟಾಗ, ಅಂಗಡಿಯವರು ಒಂದು ಮಾತೂ ಕೇಳದೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರು. ಅದಕ್ಕೆ ಮೊದಲು ಇವರು, ನನ್ನ ಗಂಡ, ಒಂದು ಸಿಡಿಗೆ ನಕಲು ಮಾಡಿಟ್ಟಿದ್ದರಿಂದ ಹೆಚ್ಚಿನವು ಉಳಿದವು. ಆ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನವು ಹೋದವು. ಆ ನಾಲ್ಕು ತಿಂಗಳ ಕಾಗದಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಬೆಂಬಲ ನಿಂತಿತು. ವಿಂಡೋಸ್ 7 ಇರುವ ಹೊಸ ಯಂತ್ರ ಬಂತು, ಅದಕ್ಕೆ ವಿಂಡೋಸ್ ಲೈವ್ ಮೇಲ್ ಹಾಕಿಕೊಂಡೆವು. ಹಳೆಯ ಕಾಗದಗಳನ್ನು ಅದು ತಾನೇ ಎಳೆದುಕೊಂಡಿತು. ಆ ಸುಲಭವೇ ನನಗೆ ತಪ್ಪು ಪಾಠ ಕಲಿಸಿತು. ಮುಂದೆಯೂ ಹೀಗೇ ಆಗುತ್ತದೆ ಎಂದುಕೊಂಡೆ. 2017ರ ಜನವರಿಯಲ್ಲಿ ಲೈವ್ ಮೇಲ್‌ಗೂ ಬೆಂಬಲ ಮುಗಿಯಿತು. ನಡೆಯುತ್ತಿದೆಯಲ್ಲ ಎಂದು ನಾವು ಬಳಸುತ್ತಲೇ ಇದ್ದೆವು.

2022ರ ಮೇ ಕೊನೆಯ ವಾರ ಅದು ಪಾಸ್‌ವರ್ಡ್ ಕೇಳತೊಡಗಿತು. ಸರಿಯಾಗಿಯೇ ಕೊಟ್ಟರೂ ಮತ್ತೆ ಕೇಳಿತು. ಬರೀ ಹೆಸರು, ಪಾಸ್‌ವರ್ಡ್ ಹೇಳಿ ಒಳಹೋಗುವ ಹಳೆಯ ತಂತ್ರಾಂಶಗಳಿಗೆ ಜಿಮೇಲ್ 2022ರ ಮೇ 30ರಿಂದ ಬಾಗಿಲು ಮುಚ್ಚಿದೆ ಎಂದು ಪುಣೆಯಲ್ಲಿರುವ ಮಗಳು ಹೇಳಿದಳು. ಎರಡು ಹಂತದ ಪರಿಶೀಲನೆ ಹಾಕಿಸಿ, ಆ ಒಂದು ತಂತ್ರಾಂಶಕ್ಕೆಂದೇ ಹದಿನಾರು ಅಕ್ಷರಗಳ ಬೇರೆ ಪಾಸ್‌ವರ್ಡ್ ಪಡೆದರೆ ನಡೆಯುತ್ತದೆ. ಹಾಗೆ ಮಾಡಿದೆವು, ಮತ್ತೂ ಒಂದೂವರೆ ವರ್ಷ ನಡೆಯಿತು. ಜಿಮೇಲ್ ಮಾಡಿದ್ದು ಸರಿಯೇ. ಕದ್ದ ಪಾಸ್‌ವರ್ಡಿನಿಂದ ಎಷ್ಟು ಮನೆಗಳ ದುಡ್ಡು ಹೋಗುತ್ತಿದೆ ಎಂಬುದನ್ನು ದಿನಾ ಪತ್ರಿಕೆಯಲ್ಲಿ ಓದುತ್ತೇವೆ.

ಹಳೆಯ ಯಂತ್ರ ಗಳಿಗೆಗೊಮ್ಮೆ ಆರತೊಡಗಿದ ಮೇಲೆ ವಿಂಡೋಸ್ 11ರ ಲ್ಯಾಪ್‌ಟಾಪ್ ತಂದೆವು. ಅದರಲ್ಲಿ ಮೇಲ್ ಎಂಬ ಸಣ್ಣ ತಂತ್ರಾಂಶವೊಂದಿತ್ತು, ಹೊಸ ಕಾಗದಗಳಿಗೆ ಸಾಕಾಗುತ್ತಿತ್ತು. ಹಳೆಯವನ್ನು ರಾಶಿಯಾಗಿ ಒಳಗೆ ತೆಗೆದುಕೊಳ್ಳುವ ದಾರಿಯೇ ಅದರಲ್ಲಿರಲಿಲ್ಲ. 2024ರ ಕೊನೆಗೆ ಅದೂ ನಿಲ್ಲುತ್ತದೆ, ಇನ್ನು ಹೊಸ ಔಟ್‌ಲುಕ್‌ಗೆ ಬದಲಾಯಿಸಿ ಎಂಬ ಸೂಚನೆ ಬಂತು. ಅದೇ ಹೊತ್ತಿಗೆ ಮಾವ ಫೋನ್ ಮಾಡಿದರು. ಅವರು ಇಪ್ಪತ್ತು ವರ್ಷ ಬಳಸಿದ ಅಂಚೆಪೆಟ್ಟಿಗೆಯನ್ನು ಅಲ್ಲಿಯ ಇಂಟರ್‌ನೆಟ್ ಕಂಪನಿ ಮುಚ್ಚಿತ್ತು. ಸೂಚನೆ ಬಂದಿತ್ತಂತೆ, ಕಣ್ಣು ಮಂಜಾಗಿ ಮಾವ ನೋಡಿರಲಿಲ್ಲ. ಕಳಿಸಿದ ಕಾಗದಗಳ ಪ್ರತಿ ಅವರ ಬಳಿ ಒಂದೂ ಉಳಿಯಲಿಲ್ಲ. ‘ನಿನ್ನ ಹತ್ತಿರ ಇದ್ದಾವಲ್ಲ ಕೂಸೇ?’ ಎಂದು ಕೇಳಿದರು.

ಇದ್ದವು. ಆರುತ್ತಾ ಹೊತ್ತುತ್ತಾ ಇದ್ದ ಒಂದು ಯಂತ್ರದಲ್ಲಿ.

ಅಂದಿನಿಂದ ನನ್ನ ಹುಡುಕಾಟದ ದಿಕ್ಕು ಬದಲಾಯಿತು. ಅದುವರೆಗೆ ನೋಡುತ್ತಿದ್ದುದು ನೋಟ, ಗುಂಡಿಗಳು, ಅಕ್ಷರದ ಗಾತ್ರ. ಆಮೇಲೆ ಕೇಳತೊಡಗಿದ್ದು ಎರಡೇ ಪ್ರಶ್ನೆ: ಈ ತಂತ್ರಾಂಶ ನನ್ನ ಕಾಗದಗಳನ್ನು ಎಲ್ಲಿ, ಯಾವ ರೂಪದಲ್ಲಿ ಇಡುತ್ತದೆ? ನಾಳೆ ಇದೂ ನಿಂತುಹೋದರೆ ಅವನ್ನು ಹೊರಗೆ ತೆಗೆಯುವುದು ಹೇಗೆ?

ಮಗಳ ಅಭಿಪ್ರಾಯ ಬೇರೆ ಇತ್ತು. ‘ತಂತ್ರಾಂಶ ಯಾಕಮ್ಮ? ಬ್ರೌಸರಿನಲ್ಲೇ ಓದಬಹುದಲ್ಲ’ ಎಂದಳು. ಅವಳಿಗೆ ಅದು ಸರಿ. ಆಷಾಢದಲ್ಲಿ ಸಾಗರದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ನಮ್ಮಲ್ಲಿ ಖಾತೆ ಮೂರು: ನನ್ನದು, ಇವರದು, ಬ್ಯಾಂಕು–ಬಿಲ್ಲುಗಳಿಗೆಂದು ಇನ್ನೊಂದು. ಜಿಮೇಲಿನ ಉಚಿತ 15 ಜಿಬಿ ಫೋಟೊಗಳಿಗೂ ಸೇರಿಯೇ ಇರುವುದು, ಮೊಮ್ಮಗಳ ವಿಡಿಯೊಗಳಿಂದ ಅದು ಆಗಲೇ ಮುಕ್ಕಾಲು ತುಂಬಿತ್ತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ನಾವಿಬ್ಬರೂ ಇಲ್ಲವಾದ ಮೇಲೆ ಆ ಖಾತೆಗಳನ್ನು ಯಾರು ತೆರೆಯುತ್ತಾರೆ? ಇಷ್ಟು ಹೇಳಿದ ಮೇಲೆ ಅವಳು ಒಪ್ಪಿದಳು. ಆಮೇಲೆ ನನಗಿಂತ ಹೆಚ್ಚು ಆಸ್ಥೆಯಿಂದ ಹುಡುಕಿದವಳೂ ಅವಳೇ.

ಮೂರನ್ನು ನೋಡಿದೆವು. ಹೊಸ ಔಟ್‌ಲುಕ್ ನೋಟಕ್ಕೆ ಚೊಕ್ಕಟವಾಗಿದೆ, ಆದರೆ ಜಿಮೇಲಿನಂಥ ಹೊರಗಿನ ಖಾತೆ ಸೇರಿಸಿದರೆ ಆ ಅಂಚೆಯನ್ನು ಮೈಕ್ರೋಸಾಫ್ಟಿನ ಕ್ಲೌಡ್ ಮೂಲಕ ಹಾಯಿಸುತ್ತದೆ. ಡಿಸ್ಕಿನಲ್ಲಿ ಕಾಗದ ಇಟ್ಟುಕೊಳ್ಳಬೇಕೆಂದು ಹೊರಟ ನಮಗೆ ಅದು ಹೊಂದಲಿಲ್ಲ. ಜೆಕ್ ದೇಶದ ಇಎಂ ಕ್ಲೈಂಟ್ ನಿಜಕ್ಕೂ ಸೊಗಸಾಗಿದೆ. ಇವರು ಅದನ್ನೇ ಇಷ್ಟಪಟ್ಟರು. ಮನೆಬಳಕೆಗೆ ಉಚಿತ, ಆದರೆ ಎರಡು ಖಾತೆಗಳವರೆಗೆ ಮಾತ್ರ. ಎರಡೇ ಖಾತೆ ಇರುವ ಮನೆಗೆ ನಾನು ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ನಾವು ಉಳಿದದ್ದು ಥಂಡರ್‌ಬರ್ಡ್‌ನಲ್ಲಿ. ಮೊಜಿಲ್ಲಾದವರು ಅದರ ಮೊದಲ ಪೂರ್ಣ ಆವೃತ್ತಿಯನ್ನು 2004ರ ಡಿಸೆಂಬರ್‌ನಲ್ಲಿ ಹೊರತಂದರು. ಈಗ ಬಹುಮಟ್ಟಿಗೆ ಬಳಕೆದಾರರ ದೇಣಿಗೆಯಿಂದ ನಡೆಯುತ್ತದೆ. ಖಾತೆಗಳಿಗೆ ಮಿತಿಯಿಲ್ಲ. ಜಿಮೇಲಿನ ಹೊಸ ಬಗೆಯ ಪ್ರವೇಶ ಅದಕ್ಕೆ ಗೊತ್ತು, ಹದಿನಾರು ಅಕ್ಷರಗಳ ಕಷ್ಟ ಬೇಕಿಲ್ಲ. ನನ್ನ ಮನಸ್ಸು ಗೆದ್ದದ್ದು ಬೇರೆ. ಒಂದೊಂದು ಫೋಲ್ಡರಿನ ಕಾಗದಗಳನ್ನೂ ಅದು ಎಂಬಾಕ್ಸ್ ಎಂಬ ಸರಳ ಪಠ್ಯ ಕಡತದಲ್ಲಿ ಒಂದರ ಕೆಳಗೊಂದು ಬರೆದಿಡುತ್ತದೆ. ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಯಾರಿಂದ, ಯಾವ ದಿನ ಎಂಬ ಸಾಲುಗಳು ಕಣ್ಣಿಗೇ ಕಂಡವು. ಥಂಡರ್‌ಬರ್ಡ್ ನಾಳೆ ಇಲ್ಲವಾದರೂ ಈ ರೂಪವನ್ನು ಓದಬಲ್ಲ ತಂತ್ರಾಂಶಗಳು ಬೇಕಾದಷ್ಟಿವೆ.

ಕಾಗದಗಳನ್ನು ಸಾಗಿಸುವುದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಮೊದಲು ಹಳೆಯ ಯಂತ್ರದಲ್ಲಿ ಎಣಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ: ಮಾವನವು 412. ಲೈವ್ ಮೇಲ್ ಒಂದು ಕಾಗದಕ್ಕೆ ಒಂದು ಕಡತದಂತೆ, ಇಎಂಎಲ್ ರೂಪದಲ್ಲಿ ಇಡುತ್ತದೆ. ಅದರ ಎಕ್ಸ್‌ಪೋರ್ಟ್ ಆಯ್ಕೆಯಿಂದ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದೆವು. ಥಂಡರ್‌ಬರ್ಡಿಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಎಂಬ ಉಚಿತ ಸೇರ್ಪಡೆ ಸಿಗುತ್ತದೆ, ಅದನ್ನು ಹಾಕಿ ಒಳಗೆಳೆದಾಗ ಬಂದದ್ದು 371. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ, ನಾವು ಆರಿಸಿದ್ದು ಮೇಲಿನ ಫೋಲ್ಡರನ್ನು ಮಾತ್ರ ಓದುವ ಆಯ್ಕೆ. ‘ಮುಳುಗಿದ ಊರು’ ಎಂದು ನಾನು ಬೇರೆ ಮಾಡಿಟ್ಟಿದ್ದ ಒಳಫೋಲ್ಡರಿನ 41 ಕಾಗದಗಳು ಹೊರಗೇ ಉಳಿದಿದ್ದವು. ಒಳಫೋಲ್ಡರುಗಳನ್ನೂ ಸೇರಿಸಿಕೊಳ್ಳುವ ಆಯ್ಕೆ ಅದರ ಪಕ್ಕದಲ್ಲೇ ಇದೆ. ಚೀಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಅವು ಬಂದಿಲ್ಲವೆಂದು ನನಗೆ ತಿಳಿಯುತ್ತಲೇ ಇರಲಿಲ್ಲ, ಅಷ್ಟು ಹೊತ್ತಿಗೆ ಹಳೆಯ ಯಂತ್ರ ಗುಜರಿಗೆ ಹೋಗಿರುತ್ತಿತ್ತು.

412 ಬಂದವು. ಒಂದನ್ನು ತೆರೆದೆ. ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ತಲೆಯ ಮೇಲೆ ಚುಕ್ಕೆ ಇರುವ ಏನೇನೋ ಗುರುತು, ಎಲ್ಲ ಕಲಸಿ ಚೆಲ್ಲಿದ ಹಾಗೆ. ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ, ‘ಟೀಚರ್, ಫೈಲ್ ಕರಪ್ಟ್ ಆಗಿದೆ’ ಎಂದ. ಹಾಗಾಗಿರಲಿಲ್ಲ. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನನಗೆ ಆ ಗುರುತುಗಳ ಪರಿಚಯವಿತ್ತು. ಮಾವ 2009ರವರೆಗೆ ಬರೆದದ್ದು ಬರಹದಲ್ಲಿ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶ ಪರದೇಶದ ಎಷ್ಟೋ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ ದಾರಿ ತೆರೆಯಿತು. ಆ ಕಾಲದ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟು ಅದರ ಮೇಲೆ ಕನ್ನಡದ ಆಕಾರ ಬಿಡಿಸುತ್ತದೆ. ಆ ಫಾಂಟು ಯಂತ್ರದಲ್ಲಿ ಇಲ್ಲದಿದ್ದರೆ ಆಕಾರವೂ ಇಲ್ಲ.

ಬರಹದ ಹಳೆಯ ಫಾಂಟುಗಳನ್ನು ಲ್ಯಾಪ್‌ಟಾಪಿಗೆ ಹಾಕಿದೆವು. ಥಂಡರ್‌ಬರ್ಡಿನ ಅಕ್ಷರಶೈಲಿಯ ಸೆಟ್ಟಿಂಗಿನಲ್ಲಿ, ಬಂದ ಕಾಗದ ತನ್ನದೇ ಫಾಂಟು ಬಳಸಲು ಬಿಡುವ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಿದೆವು. ಮತ್ತೆ ತೆರೆದಾಗ ಮಾವನ ಸಾಲುಗಳು ದುಂಡುದುಂಡಾಗಿ ನಿಂತವು. ಫಾಂಟಿನ ಹೆಸರೇ ಇಲ್ಲದ, ಬರಿಯ ಪಠ್ಯವಾಗಿ ಬಂದಿದ್ದ ಅರವತ್ತು ಚಿಲ್ಲರೆ ಕಾಗದಗಳಿಗೆ ಈ ಉಪಾಯ ಸಾಲಲಿಲ್ಲ. ಅವನ್ನು ಬರಹದ ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ಬದಲಾಯಿಸಬೇಕಾಯಿತು. ಆ ಕೆಲಸ ಮೂರು ತಿಂಗಳು ನಡೆಯಿತು, ಬಿಡುವಾದ ದಿನ ಒಂದು, ಕೆಲವೊಮ್ಮೆ ಎರಡು. ಒತ್ತಕ್ಷರ ಅಲ್ಲಲ್ಲಿ ಜಾರುತ್ತಿತ್ತು, ಓದಿ ತಿದ್ದುತ್ತಿದ್ದೆ. ಬದಲಾಯಿಸಿದವು ಹುಡುಕಿದರೆ ಸಿಗುತ್ತವೆ ಎಂಬುದೇ ದೊಡ್ಡ ಲಾಭ. ಅಪ್ಪೆಮಿಡಿ ಎಂದು ಬರೆದರೆ ಸಾಕು, ಆ ಮಾತಿರುವ ಕಾಗದಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಹೊಸ ಪದ್ಧತಿಯಲ್ಲಿ ಒಂದು ಪೆಟ್ಟನ್ನೂ ತಿಂದೆವು. ಈಗ ಖಾತೆಗಳನ್ನು ಜೋಡಿಸುವುದು ಐಮ್ಯಾಪ್ ಪದ್ಧತಿಯಲ್ಲಿ. ಲ್ಯಾಪ್‌ಟಾಪ್, ಫೋನ್ ಎರಡರಲ್ಲೂ ಕಾಣುವುದು ಸರ್ವರಿನಲ್ಲಿರುವ ಅದೇ ಒಂದು ಪೆಟ್ಟಿಗೆ. ಇದನ್ನು ಮನಸ್ಸಿಗೆ ತಂದುಕೊಳ್ಳದೆ ಇವರು ಲ್ಯಾಪ್‌ಟಾಪಿನಲ್ಲಿ ಜಾಗ ಮಾಡಲೆಂದು ಎರಡು ವರ್ಷದ ಬ್ಯಾಂಕ್ ಕಾಗದಗಳನ್ನು ಅಳಿಸಿದರು. ಫೋನಿನಲ್ಲಿ ಇದ್ದೇ ಇರುತ್ತವೆ ಎಂಬ ನಂಬಿಕೆ. ಫೋನಿನಿಂದಲೂ ಹೋದವು. ಜಿಮೇಲಿನ ಕಸದಬುಟ್ಟಿಯಲ್ಲಿ 30 ದಿನ ಇರುತ್ತವೆಯಾದ್ದರಿಂದ ಅಲ್ಲಿಂದ ವಾಪಸು ತಂದೆವು. ಅಂದಿನಿಂದ, ಉಳಿಯಲೇಬೇಕಾದ ಕಾಗದ ಥಂಡರ್‌ಬರ್ಡಿನ ಲೋಕಲ್ ಫೋಲ್ಡರ್ಸ್‌ಗೆ ಹೋಗುತ್ತದೆ. ಅಲ್ಲಿಗೆ ಸೇರಿದ್ದು ಮನೆಯ ಡಿಸ್ಕಿನದು, ಸರ್ವರಿನಲ್ಲಿ ಏನಾದರೂ ಅದಕ್ಕೆ ತಟ್ಟುವುದಿಲ್ಲ.

ಮನೆಯ ಡಿಸ್ಕೂ ಸಾಯುತ್ತದೆ. ಆದ್ದರಿಂದ ಪ್ರತಿ ತಿಂಗಳ ಒಂದನೇ ತಾರೀಕು ಥಂಡರ್‌ಬರ್ಡನ್ನು ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡುತ್ತೇನೆ. ಕಾಗದ, ವಿಳಾಸ, ಸೆಟ್ಟಿಂಗು ಎಲ್ಲ ಅದರೊಳಗಿವೆ. ಒಂದು ಪ್ರತಿ ನಮ್ಮ ಬೀರುವಿನಲ್ಲಿದೆ, ಇನ್ನೊಂದು ಪುಣೆಯಲ್ಲಿ.

ಮಾವನಿಗೆ ಈಗ ಕೈ ನಡುಗುತ್ತದೆ, ಟೈಪ್ ಮಾಡಲಾಗುವುದಿಲ್ಲ. ಭಾನುವಾರ ರಾತ್ರಿ ಫೋನ್ ಮಾಡಿ ಅವರದೇ ಕಾಗದವೊಂದನ್ನು ಅವರಿಗೆ ಓದುತ್ತೇನೆ. ನಡುವೆ ತಡೆದು ತಿದ್ದುತ್ತಾರೆ. ‘ಆ ಮರ ಹೊಳೆಯ ಈಚೆಗಲ್ಲ ಕೂಸೇ, ಆಚೆಗೆ. ನಾನೇ ತಪ್ಪು ಬರೆದಿದ್ದೆ’ ಎನ್ನುತ್ತಾರೆ. ತಿದ್ದಿದ್ದನ್ನು ಅದೇ ಕಾಗದದ ಜೊತೆಗೆ ಬರೆದಿಡುತ್ತೇನೆ.

ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಹಳೆಯ ಕಂಪ್ಯೂಟರ್ ಇದ್ದರೆ, ಅದರಲ್ಲಿ ಬರಹದಲ್ಲೋ ನುಡಿಯಲ್ಲೋ ಯಾರಾದರೂ ಬರೆದ ಕಾಗದಗಳು ಇದ್ದಿರಬಹುದು. ಗುಜರಿಗೆ ಹಾಕುವ ಮೊದಲು ಒಂದು ಸಲ ಹೊತ್ತಿಸಿ ನೋಡಿ. ಅಕ್ಷರ ಕಲಸಿದಂತೆ ಕಂಡರೆ ಕೆಟ್ಟಿದೆ ಎಂದು ಅಳಿಸಬೇಡಿ. ಅದರೊಳಗೆ ಕನ್ನಡ ಹಾಗೇ ಇರುತ್ತದೆ.