ಕೋಸಂಬರಿ ನೀರು ಬಿಡುವುದೇಕೆ? ಓ.ಆರ್.ಎಸ್. ಜೀವ ಉಳಿಸುವುದು ಹೇಗೆ?



ನಾನು ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ. ಅಲ್ಲಿ ಬಾಯಿಪಾಠ ಮಾಡಿದ ಒಂದು ವಿಷಯ ನಮ್ಮ ಅಡಿಗೆಮನೆಯಲ್ಲಿ ದಿನವೂ ನಡೆಯುತ್ತದೆ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಸೌತೆಕಾಯಿ ಕೋಸಂಬರಿಗೆ ಬೆಳಿಗ್ಗೆಯೇ ಉಪ್ಪು ಬೆರೆಸಿಟ್ಟರೆ ಊಟದ ಹೊತ್ತಿಗೆ ಪಾತ್ರೆಯಲ್ಲಿ ನೀರು ನಿಂತಿರುತ್ತದೆ. ಭಟ್ಟರು ಸೌತೆಕಾಯಿಯನ್ನು ಬೈಯುತ್ತಾರೆ. ತಪ್ಪು ಸೌತೆಕಾಯಿಯದ್ದಲ್ಲ. ತರಕಾರಿಯ ಪ್ರತಿಯೊಂದು ಜೀವಕೋಶಕ್ಕೂ ಒಂದು ತೆಳು ಪೊರೆ ಇದೆ. ನೀರು ಆ ಪೊರೆಯನ್ನು ಸುಲಭವಾಗಿ ದಾಟುತ್ತದೆ, ಉಪ್ಪು ಹಾಗೆ ದಾಟಲಾರದು. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಆ ಕಡೆ ಹರಿಯುತ್ತದೆ. ಇದೇ ಆಸ್ಮಾಸಿಸ್. ಆದ್ದರಿಂದ ಉಪ್ಪನ್ನು ಬಡಿಸುವ ಮುಂಚೆ ಹಾಕಬೇಕು. ಉಪ್ಪಿನಕಾಯಿ ಕೆಡದಿರುವುದಕ್ಕೂ ಇದೊಂದು ಕಾರಣ. ಗಟ್ಟಿ ಉಪ್ಪು ಕ್ರಿಮಿಗಳ ನೀರನ್ನೂ ಎಳೆದುಬಿಡುತ್ತದೆ.

ಇನ್ನು ಮುಖ್ಯ ವಿಷಯ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಮ್ಮ ಹೋಟೆಲಿನ ಒಬ್ಬ ಹುಡುಗನಿಗೆ ವಾಂತಿ ಭೇದಿ ಶುರುವಾಯಿತು. ಶಕ್ತಿ ಬರಲಿ ಎಂದು ನಾನೇ ಎರಡು ಬಾಟಲಿ ತಂಪು ಪಾನೀಯ ಕುಡಿಸಿದೆ. ಭೇದಿ ಇನ್ನೂ ಹೆಚ್ಚಾಯಿತು. ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಹೇಳಿದರು: "ಅತಿ ಸಿಹಿಯೂ ಉಪ್ಪಿನ ಹಾಗೆಯೇ. ಮೈಯೊಳಗಿನ ನೀರನ್ನು ಕರುಳಿಗೆ ಎಳೆಯುತ್ತದೆ." ಕೋಸಂಬರಿಯ ಕಥೆಯೇ! ಹುಡುಗ ಉಳಿದ, ನಾನು ಪಾಠ ಕಲಿತೆ.

ಕರುಳಿನ ಜೀವಕೋಶದ ಪೊರೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ಇಬ್ಬರನ್ನೂ ಒಳಗೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಬರುತ್ತದೆ. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಸೂಚಿಸಿದರು. ಕಾಲರಾ ಬಂದಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು.

ಅಳತೆ ತಪ್ಪಿದರೆ ಕೆಲಸ ಕೆಡುತ್ತದೆ. ಆದ್ದರಿಂದ ಈ ಕೆಳಗಿನದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿರಿ.

1. ಗಲ್ಲಾದ ಡ್ರಾಯರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓ.ಆರ್.ಎಸ್. ಪೊಟ್ಟಣ ಇರಲಿ. 1 ಲೀಟರಿನ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು.

2. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರ ಬೇಡ.

3. ಸ್ವಲ್ಪ ಸ್ವಲ್ಪವಾಗಿ ಕುಡಿಸಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

4. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಬಾರದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ.

5. ಭೇದಿ ನಿಂತು 48 ಗಂಟೆ ಕಳೆಯುವವರೆಗೆ ಆ ಕೆಲಸಗಾರ ಆಹಾರ ಮುಟ್ಟಬಾರದು. ಅವನ ಸಂಬಳ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ.

ಊರು ಬಿಟ್ಟು ನಮ್ಮನ್ನು ನಂಬಿ ಬಂದ ಹುಡುಗರು ಇವರು. ಅವರ ತಂದೆ ತಾಯಿಗೆ ನಾವೇ ಉತ್ತರ ಹೇಳಬೇಕು.