‘ಚೀಲ’ ತೆಗೆಸುವ ಮುನ್ನ ಮಾತು ತೆಗೆಯಿರಿ

ಸುಸ್ತು, ಸೊಂಟನೋವು, ಹೊಟ್ಟೆನೋವು ಎಂದು ದವಾಖಾನೆಗೆ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ನಿಜವಾದ ತೊಂದರೆಯನ್ನು ಹೇಳುವುದು ಔಷಧಿ ಚೀಟಿ ಕೈಗೆ ಬಂದ ಮೇಲೆ, ಎದ್ದು ಹೊರಡುವಾಗ. ‘ಬಿಳೇದು ಭಾಳ ಹೋಗ್ತದ್ರೀ’ ಎಂಬ ಈ ಒಂದು ಮಾತು ಹೊರಬರಲು ಕೆಲವೊಮ್ಮೆ ವರ್ಷಗಳೇ ಹಿಡಿದಿರುತ್ತವೆ. ಗಂಡನೊಡನೆ ಸೇರುವಾಗ ನೋವಾಗುತ್ತದೆ ಎಂಬುದನ್ನಂತೂ ವೈದ್ಯರೇ ಕೇಳಬೇಕು. ಅದೂ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳಬೇಕು. ಕಲಬುರಗಿ ನಗರದ ಬಡಾವಣೆಯಾಗಲಿ, ಕಮಲಾಪುರದ ಸುತ್ತಲಿನ ಹಳ್ಳಿ-ತಾಂಡಾಗಳಾಗಲಿ, ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಇಂಥ ಮೌನಕ್ಕೆ ನಮ್ಮ ಜಿಲ್ಲೆ ದುಬಾರಿ ಬೆಲೆ ತೆತ್ತಿದೆ. ಬಿಳಿಸೆರಗು, ಹೊಟ್ಟೆನೋವು, ಮುಟ್ಟಿನ ತೊಂದರೆ ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗುತ್ತಿದೆ ಎಂಬ ದೂರಿನ ಮೇಲೆ 2015ರಲ್ಲಿ ಆರೋಗ್ಯ ಇಲಾಖೆ ಇಲ್ಲಿ ತನಿಖೆ ನಡೆಸಿತು. ಕೆಲವೇ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳು ನಡೆದದ್ದು ಬೆಳಕಿಗೆ ಬಂತು. ಅವರಲ್ಲಿ ಬಹಳ ಮಂದಿ ಲಂಬಾಣಿ ಮತ್ತು ದಲಿತ ಕುಟುಂಬಗಳವರು. ನಲವತ್ತು ದಾಟದವರೂ ಅನೇಕರಿದ್ದರು. 2017ರ ಫೆಬ್ರವರಿಯಲ್ಲಿ ಈ ಮಹಿಳೆಯರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಎದುರು ನ್ಯಾಯ ಕೇಳಿ ಕುಳಿತರು.

ತಪ್ಪು ಆ ಹೆಣ್ಣುಮಕ್ಕಳದ್ದಲ್ಲ. ಆದರೆ ತನ್ನ ದೇಹದ ಬಗ್ಗೆ ಏನೂ ತಿಳಿಯದ, ಯಾರನ್ನೂ ಕೇಳಲಾಗದ ಸ್ಥಿತಿಯಲ್ಲಿರುವವಳನ್ನು ಹೆದರಿಸುವುದು ಸುಲಭ ಎಂಬುದನ್ನು ನಾವು ಮರೆಯಬಾರದು.

ಅದು ಬರೀ ಚೀಲವಲ್ಲ

‘ಮಕ್ಕಳಾದವ್ರೀ, ಇನ್ನ ಚೀಲ ಇಟ್ಕೊಂಡು ಏನ್ ಮಾಡೋದದ?’ ಎಂಬ ಮಾತು ನಮ್ಮ ಕಡೆ ಸಾಮಾನ್ಯ. ಪ್ರತಿ ತಿಂಗಳ ಮೈಲಿಗೆಯ ಕಿರಿಕಿರಿ ತಪ್ಪಲಿ, ಕೂಲಿ ತಪ್ಪದಿರಲಿ, ರಾತ್ರಿಯ ನೋವಿನಿಂದ ಬಿಡುಗಡೆ ಸಿಗಲಿ ಎಂಬ ಆಸೆಯೂ ಈ ಮಾತಿನ ಹಿಂದೆ ಅಡಗಿರುತ್ತದೆ. ಮುಟ್ಟು ಮೈಲಿಗೆಯಲ್ಲ, ದೇಹದ ಸಹಜ ಧರ್ಮ. ಹನ್ನೆರಡನೇ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಕಮಲಾಪುರದಾಚೆ ಹುಮನಾಬಾದ್ ದಾಟಿದರೆ ಸಿಗುವ ಬಸವಕಲ್ಯಾಣದಲ್ಲಿ ಅಂದು ಆಡಿದ ಮಾತು ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ.

ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಸ್ತ್ರೀ ಹಾರ್ಮೋನು ಒಮ್ಮೆಲೇ ಕುಸಿಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಮುಟ್ಟು ತಾನಾಗಿ ನಿಲ್ಲುತ್ತದೆ. ಅದು ಮೂವತ್ತರಲ್ಲೇ ಬಲವಂತವಾಗಿ ನಿಂತರೆ ಮೈಯೆಲ್ಲ ಬಿಸಿಯೇರುವುದು, ನಿದ್ರೆಗೇಡು, ಬೇಸರ ಕಾಡುತ್ತವೆ. ಎಲುಬು ಬೇಗ ಸವೆಯುತ್ತವೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಯೋನಿ ಒಣಗುವುದರಿಂದ ಸಮಾಗಮದ ನೋವು ಇನ್ನೂ ಹೆಚ್ಚಬಹುದು. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಈ ಬದಲಾವಣೆ ಬೇಗ ಬರುವುದುಂಟು.

ಹಾಗೆಂದು ಈ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದಲ್ಲ. ಕ್ಯಾನ್ಸರ್, ತೀವ್ರ ತೊಂದರೆ ಕೊಡುವ ದೊಡ್ಡ ಗೆಡ್ಡೆ, ಔಷಧಿಗೆ ಬಗ್ಗದ ರಕ್ತಸ್ರಾವ, ಗರ್ಭಕೋಶ ಬಹಳ ಕೆಳಗೆ ಜಾರಿರುವುದು, ಇಂಥ ಸಂದರ್ಭಗಳಲ್ಲಿ ಇದು ಅಗತ್ಯವಾಗಬಹುದು. ಕಾರಣ ಸರಿಯಿದ್ದಾಗ ಮಹಿಳೆಯ ನರಳಾಟ ತಪ್ಪಿ ದಾಂಪತ್ಯವೂ ಸುಧಾರಿಸುತ್ತದೆ.

ಬಿಳಿಸೆರಗು ಯಾವಾಗ ರೋಗ?

ಬಾಯಲ್ಲಿ ಜೊಲ್ಲು ಇರುವಂತೆ ಯೋನಿಯಲ್ಲೂ ಸಹಜ ಸ್ರಾವ ಇರುತ್ತದೆ. ಎರಡು ಮುಟ್ಟಿನ ನಡುವಿನ ದಿನಗಳಲ್ಲಿ, ಬಸಿರಿನಲ್ಲಿ, ಲೈಂಗಿಕ ಆಸೆ ಮೂಡಿದಾಗ ಅದು ಹೆಚ್ಚುತ್ತದೆ. ತಿಳಿಯಾಗಿ ಅಥವಾ ತುಸು ಬಿಳುಪಾಗಿದ್ದು, ತುರಿಕೆ, ಕೆಟ್ಟ ವಾಸನೆ ಇಲ್ಲದಿದ್ದರೆ ಅದು ರೋಗವಲ್ಲ. ‘ಎಲುಬು ಕರಗಿ ಬಿಳುಪಾಗಿ ಹೋಗುತ್ತದೆ, ಅದಕ್ಕೇ ಸುಸ್ತು’ ಎಂಬುದು ತಪ್ಪು ನಂಬಿಕೆ. ಸುಸ್ತಿಗೆ ಹೆಚ್ಚಾಗಿ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ.

ಒಡೆದ ಮೊಸರಿನಂಥ ಸ್ರಾವ, ಜೊತೆಗೆ ವಿಪರೀತ ತುರಿಕೆ ಇದ್ದರೆ ಬೂಷ್ಟಿನ ಸೋಂಕಿರಬಹುದು. ಮೀನಿನಂಥ ವಾಸನೆ, ಹಳದಿ-ಹಸಿರು ಬಣ್ಣ, ನೊರೆ ಇವು ಬೇರೆ ಸೋಂಕುಗಳ ಲಕ್ಷಣ. ಇವೆಲ್ಲ ಕೆಲವು ದಿನಗಳ ಔಷಧಿಯಿಂದ ಗುಣವಾಗುವಂಥವು. ಕೆಲವು ಸೋಂಕುಗಳಿಗೆ ಗಂಡನೂ ಔಷಧಿ ತೆಗೆದುಕೊಳ್ಳಲೇಬೇಕು. ಇಲ್ಲವಾದರೆ ಮತ್ತೆ ಮತ್ತೆ ಮರುಕಳಿಸುತ್ತವೆ. ಒಳಭಾಗವನ್ನು ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ. ಅದರಿಂದ ತೊಂದರೆ ಹೆಚ್ಚುತ್ತದೆ. ಜಿಲ್ಲಾ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ ವಿಭಾಗದಲ್ಲಿ ಈ ಸೋಂಕುಗಳಿಗೆ ಉಚಿತ ಚಿಕಿತ್ಸೆ ಕೊಡುವ ವ್ಯವಸ್ಥೆಯಿದೆ.

‘ಬಾಯಿಯಲ್ಲಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಗರ್ಭಕೋಶದ ಬಾಯಿ ಕೆಂಪಗೆ ಕಾಣುವುದು ಅನೇಕರಲ್ಲಿ ಸಹಜ. ಅಲ್ಲಿನ ಕ್ಯಾನ್ಸರಿನ ಆರಂಭವನ್ನು ಸ್ಕ್ಯಾನಿಂಗ್ ತೋರಿಸಲಾರದು; ಅದಕ್ಕೆ ಪ್ಯಾಪ್ ಪರೀಕ್ಷೆ ಅಥವಾ ಅಂಥದೇ ಬೇರೆ ಪರೀಕ್ಷೆ ಬೇಕು. 30 ದಾಟಿದ ಪ್ರತಿ ಮಹಿಳೆಯೂ ತೊಂದರೆ ಇಲ್ಲದಿದ್ದರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಮಾಗಮದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಹೋದರೆ ತಡಮಾಡದೆ ತೋರಿಸಿ.

ನೋವು ಹಣೆಬರಹವಲ್ಲ

ಸಮಾಗಮದಲ್ಲಿ ನೋವಾಗುವುದು ಹೆಣ್ಣಿನ ಪಾಲಿಗೆ ಬರೆದಿಟ್ಟದ್ದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಸೋಂಕು, ಹೆರಿಗೆಯ ಹೊಲಿಗೆ, ಹಾಲುಣಿಸುವ ತಿಂಗಳುಗಳ ಶುಷ್ಕತೆ, ಮುಟ್ಟು ನಿಂತ ಮೇಲಿನ ಶುಷ್ಕತೆ, ಭಯ, ಗಂಡನ ಅವಸರ, ಹೀಗೆ ಕಾರಣಗಳು ಹಲವು. ಬಹುಪಾಲು ಕಾರಣಗಳಿಗೆ ಪರಿಹಾರವಿದೆ. ಶುಷ್ಕತೆಗೆ ಜೆಲ್ಲಿ, ಹಾರ್ಮೋನು ಮುಲಾಮುಗಳನ್ನು ವೈದ್ಯರು ಕೊಡುತ್ತಾರೆ.

ಭಯ ಮತ್ತು ಅವಸರಕ್ಕೆ ಮಾತ್ರ ಔಷಧಿ ಅಂಗಡಿಯಲ್ಲಿ ಮದ್ದಿಲ್ಲ. ಹೆಣ್ಣಿನ ಮನಸ್ಸು ಸಿದ್ಧವಾದಾಗ ದೇಹವೂ ಸಿದ್ಧವಾಗುತ್ತದೆ. ಹೆಂಡತಿಗೆ ಆಸೆ ಇರುವುದು ನಾಚಿಕೆಗೇಡಲ್ಲ. ‘ಇವತ್ತು ಬೇಡ’ ಎನ್ನುವುದು ಅಪರಾಧವೂ ಅಲ್ಲ. ನೋವಾದರೆ ಅಲ್ಲಿಗೇ ನಿಲ್ಲಿಸಿ, ಕೇಳಿ ತಿಳಿದುಕೊಳ್ಳಿ. ಈ ಅಂಕಣ ಓದುವ ಗಂಡಸರಿಗೆ ನನ್ನ ವಿನಂತಿ ಇದೇ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇವನ್ನು ಕೇಳಿ:

1. ನನ್ನ ಕಾಯಿಲೆಯ ಹೆಸರೇನು? ಅದನ್ನು ಖಚಿತಪಡಿಸಿದ ಪರೀಕ್ಷೆ ಯಾವುದು?

2. ಮಾತ್ರೆ, ಹಾರ್ಮೋನು ಇರುವ ವಂಕಿ, ಅಥವಾ ಗೆಡ್ಡೆಯನ್ನಷ್ಟೇ ತೆಗೆಯುವುದು, ಇವುಗಳಿಂದ ಗುಣವಾಗದೇ?

3. ಅಂಡಾಶಯಗಳನ್ನು ಉಳಿಸುತ್ತೀರಾ? ಇಲ್ಲವಾದರೆ ಏಕೆ?

4. ಒಂದು ತಿಂಗಳು ಕಾದರೆ ಏನಾಗುತ್ತದೆ?

ತುರ್ತು ಇಲ್ಲವೆಂದಾದರೆ ವರದಿಗಳನ್ನು ಕೈಯಲ್ಲಿಟ್ಟುಕೊಂಡು ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯಿರಿ. ಕಮಲಾಪುರ ಕಡೆಯವರು ಮೊದಲು ಊರಿನ ಸರ್ಕಾರಿ ಆಸ್ಪತ್ರೆಗೆ, ಬೇಕಾದರೆ ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿದೆ. ಆದ್ದರಿಂದ ಪ್ರಶ್ನೆ ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

ತಾಯಂದಿರೇ, ಮಗಳು ದೊಡ್ಡವಳಾದಾಗ ಆರತಿ ಎತ್ತಿ ಸುಮ್ಮನಾಗಬೇಡಿ. ಮುಟ್ಟು ಎಂದರೇನು, ಸಹಜ ಸ್ರಾವ ಯಾವುದು, ರೋಗ ಯಾವುದು ಎಂಬುದನ್ನೂ ಹೇಳಿಕೊಡಿ. ಮುಂದೆ ತೊಂದರೆ ಬಂದಾಗ ಅವಳು ಅದನ್ನು ಮುಚ್ಚಿಡದೆ ಮೊದಲ ವಾರದಲ್ಲೇ ಬಾಯಿಬಿಟ್ಟು ಹೇಳುತ್ತಾಳೆ.