ಕುಣಿಕೆಹಗ್ಗದ ಹಾಸ್ಯಗಾರ ವಿಲ್ ರೋಜರ್ಸ್

ವಿಲ್ ರೋಜರ್ಸನೆಂದರೆ ಅಮೆರಿಕದವರಿಗೆ ಅವನ ಚಟಾಕಿಗಳ ನೆನಪು. ನನಗಾದರೋ ಅವನ ಕೈಯ ಹಗ್ಗವೇ ಮುಖ್ಯವೆಂದು ತೋರುತ್ತದೆ. ದನದ ಕೊರಳಿಗೆ ಬೀಳಬೇಕಾದ ಆ ಹಗ್ಗವು ನಾಟಕಶಾಲೆಗೆ ಬಂದುದೇಕೆ ಎಂಬುದನ್ನು ಅರಿತರೆ ಅವನ ನಗೆಯೂ ಅರ್ಥವಾದೀತು.

ರೋಜರ್ಸನು 1879ರ ನವೆಂಬರ್ 4ರಂದು ಊಲಗಾ ಎಂಬ ಊರಿನ ಬಳಿ ಹುಟ್ಟಿದನು. ಈಗ ಅದು ಒಕ್ಲಹೋಮ ಸಂಸ್ಥಾನಕ್ಕೆ ಸೇರಿದೆ. ಆಗ ಚೆರೋಕಿ ಜನರ ನಾಡಾಗಿತ್ತು. ತಾಯಿತಂದೆಗಳಿಬ್ಬರದೂ ಚೆರೋಕಿ ಮೂಲವೇ. ತಂದೆ ಕ್ಲೆಮ್ ರೋಜರ್ಸನು ಸಾವಿರಾರು ದನಗಳ ಒಡೆಯ. ಅಲ್ಲಿ ನೆಲವು ಯಾರೊಬ್ಬರದೂ ಅಲ್ಲ, ಇಡೀ ಜನಾಂಗದ ಸೊತ್ತು. ಆದರೆ 1898ರ ಕರ್ಟಿಸ್ ಕಾಯಿದೆಯು ಆ ನೆಲವನ್ನು ತುಂಡುಮಾಡಿ ಆಳಿಗೊಂದರಂತೆ ಹಂಚುವ ದಾರಿ ತೆರೆಯಿತು. ವಿಶಾಲವಾದ ಹುಲ್ಲುಗಾವಲು ಹೋಯಿತು. ದನಗಾಹಿಯ ಬಾಳೂ ಅದರೊಡನೆ ಹೋಯಿತು. ಆ ಬಾಳನ್ನೇ ಅರಸುತ್ತ ರೋಜರ್ಸನು 1902ರಲ್ಲಿ ಅರ್ಜೆಂಟೀನಕ್ಕೆ ಹೊರಟನು. ಅಲ್ಲಿಯೂ ಕೈಗೂಡದೆ ದಕ್ಷಿಣ ಆಫ್ರಿಕಕ್ಕೆ ಹೋಗಿ, ಟೆಕ್ಸಸ್ ಜಾಕ್ ಎಂಬವನ ಸರ್ಕಸ್ಸನ್ನು ಸೇರಿ, ಹಗ್ಗದಾಟಕ್ಕೆ ನಿಂತನು. ಹೊಟ್ಟೆಪಾಡು ಯಾರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಯೋ!

1905ರ ಹೊತ್ತಿಗೆ ನ್ಯೂಯಾರ್ಕ್ ಸೇರಿದ ಮೇಲೆ ಮೊದಮೊದಲು ಅವನದು ಮೂಕ ಪ್ರದರ್ಶನ. ಒಮ್ಮೆ ಆಟವನ್ನು ವಿವರಿಸಲು ಬಾಯಿ ತೆರೆದಾಗ ಅವನ ಎಳೆದಾಡುವ ಮಾತನ್ನು ಕೇಳಿ ಜನ ನಕ್ಕರು. ಅವನಿಗೆ ಅವಮಾನವೆನಿಸಿತಂತೆ. ಆದರೆ ಆ ನಗುವೇ ಅವನ ಕಸುಬಾಯಿತು. 1915ರಿಂದ ಜೀಗ್‌ಫೆಲ್ಡನ ರಂಗಮಂಟಪದಲ್ಲಿ ದಿನವೂ ಬಹುಪಾಲು ಅದೇ ಪ್ರೇಕ್ಷಕರು; ಹಳೆಯ ಚಟಾಕಿ ನಡೆಯದು. ದಿನಪತ್ರಿಕೆಯನ್ನೇ ಮಾತಿಗೆ ವಸ್ತುವಾಗಿಸಿಕೊಳ್ಳೆಂದು ಸೂಚಿಸಿದವಳು ಹೆಂಡತಿ ಬೆಟ್ಟಿ. ಹಗ್ಗ ತಿರುಗುತ್ತಿತ್ತು, ಕುಣಿಕೆಯೊಳಗೆ ಮಂತ್ರಿಗಳೂ ಶಾಸನಸಭೆಯವರೂ ಬೀಳುತ್ತಿದ್ದರು. 1916ರಲ್ಲಿ ಬಾಲ್ಟಿಮೋರಿನಲ್ಲಿ ಅಧ್ಯಕ್ಷ ವಿಲ್ಸನ್ನರ ಎದುರಿಗೇ ಅವರ ಸರಕಾರವನ್ನು ಹಾಸ್ಯಮಾಡಿದನು. ವಿಲ್ಸನ್ನರು ಮನಸಾರೆ ನಕ್ಕರು. ಮುಂದೆ 1922ರಿಂದ ವಾರದ ಅಂಕಣ, 1926ರಿಂದ ದಿನಕ್ಕೊಂದು ಕಿರುಬರಹ, ರೇಡಿಯೋ, ಸುಮಾರು ಎಪ್ಪತ್ತು ಚಲನಚಿತ್ರಗಳು.

ಅವನ ಹಾಸ್ಯದಲ್ಲಿ ಮುಳ್ಳಿಲ್ಲವೆಂದು ಹೇಳುವವರುಂಟು. ನಾನು ಒಪ್ಪುವುದಿಲ್ಲ. ಮೇಫ್ಲವರ್ ಹಡಗಿನಲ್ಲಿ ಬಂದ ಪೂರ್ವಜರನ್ನು ಹೊಗಳಿಕೊಳ್ಳುವವರಿಗೆ, ತನ್ನ ಹಿರಿಯರು ಹಡಗಿನಲ್ಲಿ ಬಂದವರಲ್ಲ, ದಡದಲ್ಲಿ ಎದುರುಗೊಂಡವರು ಎಂದು ಅವನು ಹೇಳುತ್ತಿದ್ದನು. ನೆಲ ಕಳೆದುಕೊಂಡವನ ಮಾತದು! ಆದರೂ 1934ರಲ್ಲಿ ಇವನೇ ರೇಡಿಯೋದಲ್ಲಿ ಕರಿಯ ಜನರನ್ನು ಹೀಗಳೆಯುವ ಪದವನ್ನಾಡಿ ಅವರ ಪ್ರತಿಭಟನೆಗೆ ಗುರಿಯಾದನು. ತಾನು ನೊಂದವನಾದರೆ ಇತರರ ನೋವು ತಾನಾಗಿ ತಿಳಿಯುತ್ತದೆ ಎನ್ನುವಂತಿಲ್ಲ. ಅವನನ್ನು ಮೆಚ್ಚುವ ನಾವು ಇದನ್ನು ಮುಚ್ಚಿಡಬಾರದು.

1935ರ ಆಗಸ್ಟ್ 15ರಂದು ಅಲಾಸ್ಕದ ಪಾಯಿಂಟ್ ಬ್ಯಾರೋ ಬಳಿ ವಿಮಾನ ಬಿದ್ದು, ವೈಮಾನಿಕ ವೈಲಿ ಪೋಸ್ಟನೊಡನೆ ಅವನೂ ಮಡಿದನು. ಕ್ಯಾಲಿಫೋರ್ನಿಯದಲ್ಲಿ ಕರುಗಳಿಗೆ ಕುಣಿಕೆಯೆಸೆಯುತ್ತ ಬಾಳಿದ ಅವನ ಮನೆಯು 2025ರ ಜನವರಿಯ ಕಾಡುಕಿಚ್ಚಿನಲ್ಲಿ ಬೂದಿಯಾಯಿತು. ಹುಟ್ಟಿದ ಮನೆಯನ್ನು ಊಲಗಾ ಜಲಾಶಯ ಕಟ್ಟುವಾಗ ಎತ್ತರದ ದಿಣ್ಣೆಗೆ ಸಾಗಿಸಿ ಉಳಿಸಿಕೊಂಡಿದ್ದಾರೆ.